ತುಟಿ ತಾಗದ ಉಸಿರು

"ಇವನ ಎದಿಗೆ ಏನೂ ಆಗಿಲ್ಲ. ನನ್ನ ಎದಿಗಿಂತ ಗಟ್ಟಿ ಅದ. ಇವಗ ಹತ್ತಿದ್ದು ಗಿರಣಿ ಧೂಳಲ್ಲ, ಮೈಗಳ್ಳತನ. ಅದಕ್ಕ ನಮ್ಮ ದವಾಖಾನ್ಯಾಗ ಔಷಧ ಇಲ್ಲ."

ಡಾಕ್ಟರ್ ಹೊಸೂರಕರ ಈ ಮಾತನ್ನು ಹೇಳಿದ್ದು ಕಿವಿಯಲ್ಲಲ್ಲ. ಕೋಣೆಯ ತುಂಬ ಬಿಳಿ ಕೋಟಿನ ವಿದ್ಯಾರ್ಥಿಗಳಿದ್ದರು. ಹತ್ತಿಗಿರಣಿಯ ಲೇಬರ್ ಆಫೀಸರ್ ಕುರ್ಚಿಯ ಮೇಲೆ ಕಾಲು ಮೇಲೆ ಕಾಲು ಹಾಕಿಕೊಂಡು ಕೂತಿದ್ದ. ಬಾಗಿಲಲ್ಲಿ ಚಪ್ಪಲಿ ಕಳಚಿಟ್ಟು ನಾಲ್ಕಾರು ಗಿರಣಿ ಆಳುಗಳು ನಿಂತಿದ್ದರು. ಇಷ್ಟು ಜನರ ಮುಂದೆ ಹೇಳಿಸಿಕೊಂಡವನು ಯಮನೂರಪ್ಪ, ಗಿರಣಿಯ ಕಾರ್ಡಿಂಗ್ ಖೋಲಿಯವನು. ಊದುವಾಗ ಗಾಳಿ ಸೋರದಿರಲೆಂದು ಅವನ ಮೂಗಿಗೆ ಸಿಕ್ಕಿಸಿದ್ದ ಚಿಮಟವನ್ನು ಯಾರೂ ತೆಗೆದಿರಲಿಲ್ಲ. ಮೂಗು ಮುಚ್ಚಿಕೊಂಡು ಬೈಸಿಕೊಳ್ಳುವ ಮನುಷ್ಯ ಕೋಡಂಗಿಯ ಹಾಗೆ ಕಾಣುತ್ತಾನೆ. ವಿದ್ಯಾರ್ಥಿಗಳು ನಕ್ಕರು. ಅವನು ಉತ್ತರ ಕೊಡಲು ಬಾಯಿ ತೆರೆದ. ಮಾತಿನ ಬದಲು ಕೆಮ್ಮು ಬಂತು. ಮುದುಡಿ, ಮಂಡಿ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ತನಕ ಕೆಮ್ಮಿದ. ಹಿಂದಿನ ಸಾಲಿನಲ್ಲಿ ಯಾರೋ, "ಚಲೋ ನಾಟಕ ಮಾಡ್ತಾನ" ಅಂದ. ಮತ್ತೆ ನಗು.

ತನ್ನ ಮಾತಿಗೆ ಸಾಕ್ಷಿ ಎಂದು ಹೊಸೂರಕರ ಬೆರಳು ಮಾಡಿ ತೋರಿಸಿದ್ದು ನನ್ನನ್ನು.

ನಾನು ಶ್ವಾಸಮಾಪಕ. ಉಸಿರು ಅಳೆಯುವ ಡಬ್ಬಿ. ನನ್ನ ಮೈ ಎರಡು ಡಬ್ಬಿಗಳದು. ಹೊರಗಿನ ಡಬ್ಬಿಯಲ್ಲಿ ನೀರು. ಆ ನೀರಿನಲ್ಲಿ ಬೋರಲು ಹಾಕಿದ ಒಂದು ಹಗುರ ಡಬ್ಬಿ. ಕೊಳವೆಯ ಮೂತಿಯನ್ನು ಬಾಯಲ್ಲಿಟ್ಟುಕೊಂಡು ನೀವು ಊದಿದರೆ ಗಾಳಿ ಒಳಗೆ ಬಂದು ಬೋರಲು ಡಬ್ಬಿಯನ್ನು ಎತ್ತುತ್ತದೆ, ಸರಪಳಿ ರಾಟೆಯನ್ನು ತಿರುಗಿಸುತ್ತದೆ, ರಾಟೆಯ ಮುಳ್ಳು ನಿಮ್ಮ ಎದೆಯಲ್ಲಿ ಎಷ್ಟು ಗಾಳಿ ಹಿಡಿಯುತ್ತದೆಂದು ತೋರಿಸುತ್ತದೆ. ಇಷ್ಟೇ ನನ್ನ ವಿದ್ಯೆ. ಒಳಗೆ ಬಂದದ್ದನ್ನು ಅಳೆಯುತ್ತೇನೆ. ಬಾರದೆ ಹೋದದ್ದನ್ನು ಅಳೆಯುವುದು ನನ್ನಿಂದ ಆಗುವುದಿಲ್ಲ, ಅದು ನನ್ನ ತಪ್ಪೂ ಅಲ್ಲ.

ನನ್ನನ್ನು ಮೊಣಕಾಲೆತ್ತರದ ಸ್ಟೂಲಿನ ಮೇಲೆ ಇಡುತ್ತಿದ್ದರು. ಹಾಗಾಗಿ ಮನುಷ್ಯರನ್ನು ನಾನು ಬಲ್ಲದ್ದು ಕೆಳಗಿನಿಂದ, ಮೂಗಿನ ಹೊಳ್ಳೆಗಳಿಂದ. ಎದುರಿನಿಂದ ಗಂಭೀರವಾಗಿ ಕಾಣುವ ಎಷ್ಟೋ ಮುಖಗಳು ಆ ಕೋನದಿಂದ ಬೇರೆಯೇ ಕಾಣುತ್ತವೆ. ಊರೆಲ್ಲ ಹೊಸೂರಕರನಿಗೆ ಬಹುವಚನ ಹಚ್ಚುತ್ತದೆ. ನಾನು ಹಚ್ಚುವುದಿಲ್ಲ. ಯಾಕೆ ಎಂದು ಹೇಳಲೆಂದೇ ಬಾಯಿ ತೆರೆದಿದ್ದೇನೆ.

ಹುಟ್ಟಿದ್ದು ಬೋಗಾರ ಓಣಿಯ ಹಿಂದಿನ ಸಂದಿಯಲ್ಲಿ, ಮೌನೇಶಪ್ಪ ಪತ್ತಾರನ ಅಂಗಡಿಯಲ್ಲಿ. ಅವನು ತೂತು ಬಿದ್ದ ಕೊಡಗಳಿಗೆ ಬೆಸುಗೆ ಹಾಕುವವನು, ಸ್ಟೋವಿನ ಪಿನ್ನು ಬದಲಿಸುವವನು. ಮೆಡಿಕಲ್ ಕಾಲೇಜಿನಲ್ಲಿದ್ದ ವಿಲಾಯತಿ ಶ್ವಾಸಮಾಪಕ ತುಕ್ಕು ಹಿಡಿದು ಕೂತಾಗ, ಇದರ ಹಾಗೆಯೇ ಇನ್ನೊಂದು ಮಾಡಿಕೊಡು ಎಂದು ತಂದು ಅವನ ಮುಂದೆ ಇಟ್ಟರು. ಅದು ಯಾತಕ್ಕೆ ಎಂದು ಅವನು ಕೇಳಲಿಲ್ಲ, ಅವರೂ ಹೇಳಲಿಲ್ಲ. ನೋಡಿದ, ತಟ್ಟಿದ, ಬೆಸೆದ. ಕೆಲಸ ಮುಗಿದ ಮೇಲೆ ನೀರು ಸುರಿದು, ಕೊಳವೆಯ ತುದಿಯನ್ನು ಸೀದಾ ಬಾಯಲ್ಲಿ ಇಟ್ಟುಕೊಂಡ. ಎರಡೂ ಕೆನ್ನೆ ಉಬ್ಬಿಸಿ, ತುಟಿ ಬಿಗಿ ಹಿಡಿದು, ಹೊಟ್ಟೆಯ ತಳದಿಂದ ಊದಿದ. ನನ್ನ ಮೊದಲ ಉಸಿರಿಗೆ ಬೀಡಿಯ ವಾಸನೆ ಇತ್ತು, ಈರುಳ್ಳಿಯದೂ ಇತ್ತು. ನನ್ನ ಒಳಡಬ್ಬಿ ತೊಟ್ಟಿಲ ಕೂಸಿನಂತೆ ಮೇಲೆದ್ದಿತು. ಅವನು ಕೊಳವೆ ಮಡಚಿ ಹಿಡಿದು ಮುಳ್ಳು ಇಳಿಯುತ್ತದೇನೋ ಎಂದು ಒಂದು ಬೀಡಿ ಸೇದಿ ಮುಗಿಸುವಷ್ಟು ಹೊತ್ತು ಕಾದ. ಇಳಿಯಲಿಲ್ಲ.

"ಸೋರೂದಿಲ್ಲ" ಅಂದ.

ಆ ಒಂದು ಮಾತು ನನ್ನ ಜಾತಕ. ಅದರ ಮೇಲೆ ಯಾವನ ಸಹಿಯೂ ಬೇಕಾಗಿಲ್ಲ.

ಕಾಲೇಜಿಗೆ ಹೋದೆ. ಹೊಸೂರಕರ ಆಗ ನಡುವಯಸ್ಸಿನವನು, ಶರೀರಕ್ರಿಯಾ ವಿಭಾಗದ ಮುಖ್ಯಸ್ಥ. ಇಸ್ತ್ರಿ ಮಾಡಿದ ಕೋಟು, ಕೋಟಿನ ಜೇಬಿನಲ್ಲಿ ನಾಲ್ಕು ಮಡಿಕೆಯ ಕರವಸ್ತ್ರ. ನಿಜ ಹೇಳುತ್ತೇನೆ, ಅವನು ಮೊದಲು ಆಡಿದ ಮಾತು ನನಗೂ ಸೇರಿತು. ನಮ್ಮ ಪುಸ್ತಕಗಳಲ್ಲಿ ಇರುವ ಲೆಕ್ಕವೆಲ್ಲ ಬಿಳಿ ಜನರ ಎದೆಯದು, ನಮ್ಮ ಸೀಮೆಯ ಆರೋಗ್ಯವಂತ ಗಂಡಸಿನ ಎದೆಯಲ್ಲಿ, ಹೆಂಗಸಿನ ಎದೆಯಲ್ಲಿ ಎಷ್ಟು ಗಾಳಿ ಹಿಡಿಯುತ್ತದೆ ಎಂದು ಯಾರೂ ಅಳೆದಿಲ್ಲ, ಅದನ್ನು ನಾವು ಅಳೆಯೋಣ ಅಂದ. ಅಳತೆ ಗೊತ್ತಿದ್ದರೆ ತಾನೇ ಯಾರ ಎದೆ ಕೆಟ್ಟಿದೆ, ಯಾರದು ಕೆಟ್ಟಿಲ್ಲ ಎಂದು ಹೇಳಲು ಬರುವುದು? ಸರಿಯಾದ ಮಾತು. ಮಾತಿಗೆ ಏನು, ಬಾಯಿಂದ ಬರುತ್ತದೆ. ಉಸಿರೂ ಬಾಯಿಂದಲೇ ಬರಬೇಕಿತ್ತು. ಯಡವಟ್ಟು ಆದದ್ದು ಅಲ್ಲಿ.

ಆರೋಗ್ಯವಂತರು ಎಂದು ಅವನು ಆರಿಸಿದ್ದು ಯಾರನ್ನು? ಕಾಲೇಜಿನ ಗುಮಾಸ್ತರು, ಮಾಸ್ತರರು, ಬ್ಯಾಂಕಿನವರು, ಹಾಸ್ಟೆಲಿನ ಹುಡುಗರು. ಬೀಡಿ ಸೇದದವರು, ಬಿಸಿಲಲ್ಲಿ ನಿಲ್ಲದವರು, ಊಟದ ಮೇಲೆ ಮಜ್ಜಿಗೆ ಕುಡಿಯುವವರು. ಇರಲಿ, ಅವರಿಗೂ ಎದೆ ಇರುತ್ತದೆ. ಒಬ್ಬೊಬ್ಬರೇ ಬಂದು ನನ್ನ ಮುಂದೆ ನಿಂತರು. ನನ್ನ ಆಳು ಮೌಲಾಸಾಬ ಗಾಜಿನ ಮೂತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ, ಒರೆಸಿ, ಬೆಳಕಿಗೆ ಹಿಡಿದು ತೋರಿಸಿ ಕೊಡುತ್ತಿದ್ದ. ಅವರು ಅದನ್ನು ಸತ್ತ ಇಲಿಯ ಬಾಲದ ಹಾಗೆ ಎರಡು ಬೆರಳಲ್ಲಿ ಹಿಡಿದುಕೊಳ್ಳುತ್ತಿದ್ದರು.

ಲೈಬ್ರರಿಯನ್ ಕೇಳಿದ, "ನನಗಿಂತ ಮೊದಲ ಯಾರು ಊದ್ಯಾರ ಇದನ್ನ?"

"ಹೆಡ್ ಕ್ಲಾರ್ಕ್ ಸಾಹೇಬ್ರು ಊದ್ಯಾರ್ರಿ" ಅಂದ ಮೌಲಾಸಾಬ.

"ಅವರಿಗಿಂತ ಮೊದಲ?"

"ಅಷ್ಟು ಹಿಂದಿಂದು ನೆನಪಿಲ್ರಿ. ನಾವು ಕುಲಾ ಕೇಳಿ ಊದಸಂಗಿಲ್ರಿ."

ಲೈಬ್ರರಿಯನ್ನನ ಹೊಳ್ಳೆಗಳು ಅಗಲವಾದವು. ಎಂಜಲು. ಕಲಿತವರಾಗಲಿ ಕಲಿಯದವರಾಗಲಿ, ನೀರಿನ ತಂಬಿಗೆಯನ್ನು ತುಟಿಗೆ ತಾಗಿಸದೆ ಎತ್ತಿ ಕುಡಿದೇ ಬೆಳೆದ ಬಾಯಿಗಳು ಅವು. ಇನ್ನೊಬ್ಬ ಬಾಯಿ ಹಾಕಿದ್ದಕ್ಕೆ ತಾನೂ ಬಾಯಿ ಹಾಕುವುದೆಂದರೆ ಹೇಸಿಗೆ. ರೋಗಾಣು ಎಂದರೆ ಏನು ಎಂದು ಪಾಠ ಮಾಡುವ ಮಾಸ್ತರರೂ ಸ್ಪಿರಿಟ್ಟನ್ನು ನಂಬಲಿಲ್ಲ. ಬೇರೆ ಎಲ್ಲದರಲ್ಲೂ ಜಾತಿ ಜಾತಿ ಎಂದು ಜಗಳವಾಡುವ ಈ ಜನ ಇದೊಂದರಲ್ಲಿ ಅಣ್ಣತಮ್ಮಂದಿರಾಗಿದ್ದರು.

ಹೊಸೂರಕರ ಬೈಯಬೇಕಿತ್ತು. ಇಲ್ಲವೇ ಒಬ್ಬೊಬ್ಬರಿಗೂ ಬೇರೆ ಬೇರೆ ಮೂತಿ ತರಿಸಬೇಕಿತ್ತು. ಅವನು ಎರಡನ್ನೂ ಮಾಡಲಿಲ್ಲ. ಅವನಿಗೂ ಅದೇ ಹೇಸಿಗೆ ಇತ್ತಲ್ಲ. ಎಲ್ಲರಿಗೆ ಮಾದರಿಯಾಗಲಿ ಎಂದು ತಾನೇ ಮೊದಲು ಊದುವಾಗ ಅವನು ಮೂತಿಯ ಮೇಲೆ ನಾಲ್ಕು ಮಡಿಕೆಯ ಕರವಸ್ತ್ರ ಹೊದಿಸಿದ್ದ. ಹೊದಿಸಿ, ಅದರ ಮೇಲೆ, ಬಿಸಿ ಚಹಾ ಆರಿಸುವವನ ಹಾಗೆ ಊದಿದ್ದ. ಈಗ ಲೈಬ್ರರಿಯನ್ನನಿಗೆ ಸಮಾಧಾನ ಹೇಳಿದ.

"ತುಟಿ ಹಚ್ಚೋದು ಬ್ಯಾಡ್ರಿ. ಎತ್ತಿ ನೀರು ಕುಡೀತೀರಲ್ಲ, ಹಂಗ ಸ್ವಲ್ಪ ದೂರ ಹಿಡದು ಊದ್ರಿ. ಗಾಳಿಗೆ ದಾರಿ ಗೊತ್ತಿರ್ತದ."

ಗಾಳಿಗೆ ದಾರಿ ಗೊತ್ತಿರುತ್ತದಂತೆ. ಇಂಥ ಮಾತಾಡಿದವನಿಗೆ ವಿಭಾಗದ ಕೀಲಿಕೈ ಕೊಟ್ಟಿದ್ದರು. ಗಾಳಿಗೆ ದಾರಿ ಗೊತ್ತಿತ್ತು, ಹೌದು. ಅದು ತುಟಿಯ ಎಡಗಡೆಯಿಂದ ಹೋಯಿತು, ಬಲಗಡೆಯಿಂದ ಹೋಯಿತು, ಕರವಸ್ತ್ರದ ಅಂಚಿನಿಂದ ಹೋಯಿತು, ಮೌಲಾಸಾಬನ ಗಡ್ಡ ಅಲುಗಿಸಿತು, ಕಿಟಕಿಯಿಂದಾಚೆ ಹೋಯಿತು. ನನಗೆ ಬಂದದ್ದು ಉಳಿದ ಚೂರು. ಆ ಚೂರನ್ನು ನಾನು ಪ್ರಾಮಾಣಿಕವಾಗಿ ಅಳೆದೆ. ನನ್ನ ಮುಳ್ಳು ಬೇಸರದಿಂದ ಅರ್ಧ ಏರಿ ನಿಲ್ಲುತ್ತಿತ್ತು. ಅವರು ಅದನ್ನು ಬರೆದುಕೊಳ್ಳುತ್ತಿದ್ದರು.

ಕೆಲಸ ಮುಗಿದಾಗ ಹೊಸೂರಕರ ದೊಡ್ಡ ಸತ್ಯ ಕಂಡುಹಿಡಿದಿದ್ದ. ನಮ್ಮ ಜನರ ಎದೆಯೇ ಸಣ್ಣದು. ದೇವರು ನಮಗೆ ಕೊಟ್ಟಿದ್ದೇ ಇಷ್ಟು. ಅದನ್ನು ಸಭೆಯಲ್ಲಿ ಓದಿದ, ಶಾಲು ಹೊದಿಸಿಕೊಂಡು ಬಂದ. ಎತ್ತರಕ್ಕೆ ಇಷ್ಟು, ವಯಸ್ಸಿಗೆ ಇಷ್ಟು ಎಂದು ಒಂದು ದೊಡ್ಡ ಪಟ ಬರೆಸಿ, ಗಾಜು ಹಾಕಿಸಿ, ನನ್ನ ತಲೆಯ ಮೇಲಿನ ಗೋಡೆಗೆ ಮೊಳೆ ಹೊಡೆಸಿದ. 'ಆರೋಗ್ಯವಂತ ವಯಸ್ಕರ ಸಾಮಾನ್ಯ ಶ್ವಾಸಪ್ರಮಾಣ.' ಮೊಳೆ ಹೊಡೆಯುವಾಗ ಗೋಡೆಯ ಸುಣ್ಣ ನನ್ನ ನೀರಿನಲ್ಲಿ ಬಿತ್ತು.

ಆ ಪಟಕ್ಕೆ ಯಮನೂರಪ್ಪ ಸಿಕ್ಕಿಬಿದ್ದ ಕಥೆ ಇನ್ನು.

ಕಾರ್ಡಿಂಗ್ ಖೋಲಿ ಎಂದರೆ ಗಿರಣಿಯಲ್ಲಿ ಅರಳೆ ಹಿಂಜುವ ಜಾಗ. ಅಲ್ಲಿ ಗಾಳಿ ಇರುವುದಿಲ್ಲ, ಹತ್ತಿಯ ಹೊಗೆ ಇರುತ್ತದೆ. ಒಳಗೆ ಹೋದವನ ಹುಬ್ಬು, ರೆಪ್ಪೆ, ಕಿವಿಯ ಕೂದಲು ಎಲ್ಲ ಬೆಳ್ಳಗಾಗಿ, ಇಪ್ಪತ್ತರ ಹುಡುಗ ಮುದುಕನ ವೇಷದಲ್ಲಿ ಹೊರಗೆ ಬರುತ್ತಾನೆ. ಯಮನೂರಪ್ಪನ ಅಣ್ಣ ಅದೇ ಖೋಲಿಯಲ್ಲಿ ದುಡಿದು, ಕೂತಲ್ಲಿ ನಿದ್ದೆ ಮಾಡುವಂತಾಗಿ, ಕೂತಲ್ಲೇ ಸತ್ತಿದ್ದ. ಮಲಗಿದರೆ ಉಸಿರು ಸಿಗುತ್ತಿರಲಿಲ್ಲ ಅವನಿಗೆ. ಯಮನೂರಪ್ಪನಿಗೂ ಶುರುವಾಗಿತ್ತು. ಭಾನುವಾರ ರಜೆ ಕಳೆದು ಸೋಮವಾರ ಖೋಲಿಗೆ ಕಾಲಿಟ್ಟರೆ ಸಂಜೆಯ ಹೊತ್ತಿಗೆ ಎದೆಗೆ ಹಗ್ಗ ಬಿಗಿದ ಹಾಗೆ. ಮೊದಮೊದಲು ಸೋಮವಾರ ಮಾತ್ರ ಇತ್ತು, ಆಮೇಲೆ ವಾರವೆಲ್ಲ ಸೋಮವಾರವೇ ಆಯಿತು. ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಓಣಿಯ ತುದಿ ಮುಟ್ಟಲು ಆಗುತ್ತಿರಲಿಲ್ಲ. ನಡುವೆ ಇಳಿಸಿ, ಅವಳ ಲಂಗದ ಗುಂಡಿ ಹಾಕುವ ನೆಪ ಮಾಡುತ್ತಿದ್ದನಂತೆ.

ತನ್ನನ್ನು ಆ ಖೋಲಿಯಿಂದ ತೆಗೆದು ಹೊರಗಿನ ಯಾವ ಕೆಲಸಕ್ಕಾದರೂ ಹಾಕಿ ಎಂದು ಅವನು ಗಿರಣಿಯವರನ್ನು ಕೇಳಿದ. ಎದೆ ಕೆಟ್ಟಿದೆ ಎಂದು ಮೆಡಿಕಲ್ ಕಾಲೇಜಿನವರು ಹೇಳಲಿ, ಹಾಕುತ್ತೇವೆ, ಅಂದರು. ಹೀಗೆ ಅವನು ನನ್ನಲ್ಲಿಗೆ ಬಂದ.

ಅವನ ಜೊತೆಗೆ ಬಂದಿದ್ದವನು ಈರಪ್ಪ, ಅದೇ ಖೋಲಿಯ ಗೆಳೆಯ. ಮೌಲಾಸಾಬ ಮೂತಿ ಕೈಗೆ ಕೊಟ್ಟಾಗ, ಇದಕ್ಕೆ ಹ್ಯಾಂಗ ಊದಬೇಕು ಎಂದು ಯಮನೂರಪ್ಪ ಕೇಳಿದ. "ಮ್ಯಾನೇಜರನ ಮಾರಿ ನೆನಸ್ಕೊಂಡು ಊದಲೇ" ಅಂದ ಈರಪ್ಪ. "ಮುಳ್ಳು ಮುರದು ಬೀಳಬೇಕು." ಮೌಲಾಸಾಬ ನಗು ತಡೆಯಲು ಮುಖ ಗೋಡೆಗೆ ತಿರುಗಿಸಿದ.

ಕೊಟ್ಟಿದ್ದು ಗಾಜಿನ ಮೂತಿಯಲ್ಲ. ಗಿರಣಿ ಆಳುಗಳಿಗೆ ಬೇರೆ ಮೂತಿ ಇತ್ತು, ವಿಲಾಯತಿ ಯಂತ್ರದಿಂದ ಉಳಿದ ಕರಿ ಮೂತಿ. ಬಾಗಿಲ ಹಿಂದಿನ ಮೊಳೆಗೆ ದಾರ ಕಟ್ಟಿ ನೇತುಹಾಕಿದ್ದರು. ಚಹಾದಂಗಡಿಯ ಹೊರಗೋಡೆಗೆ ಬೇರೆ ಕಪ್ಪು ಇಡುತ್ತಾರಲ್ಲ, ಹಾಗೆ. ಅದು ಅವರದೇ ಎಂಜಲು, ಅವರಿಗೇ ಇರಲಿ ಎಂದು. ಆ ಮೂತಿ ಅಗಲವಾಗಿತ್ತು, ಬಾಯಲ್ಲಿ ಬಿಗಿಯಾಗಿ ಕೂರುತ್ತಿತ್ತು. ದೊಡ್ಡವರಿಗೆ ದೂರ ಹಿಡಿಯಿರಿ ಎಂದಿದ್ದ ಹೊಸೂರಕರ ಇವನಿಗೆ ಪುಸ್ತಕದಲ್ಲಿ ಇದ್ದ ಹಾಗೆ ಹೇಳಿದ, "ಬಾಯಾಗ ಇಟಗೋ. ತುಟಿ ಬಿಗಿ ಹಿಡಿ. ಸೋರಿಸಬ್ಯಾಡ." ಇವನಿಗೆ ಹೇಸಿಗೆ ಆಗುತ್ತದೋ ಇಲ್ಲವೋ ಎಂದು ವಿಚಾರಿಸುವ ಅಗತ್ಯ ಇರಲಿಲ್ಲವಲ್ಲ. ಅವಮಾನ ಮಾಡಲು ಬೇರೆ ಇಟ್ಟ ಮೂತಿ, ಅವಮಾನದ ಗತ್ತಿನಲ್ಲಿ ಕೊಟ್ಟ ಆಜ್ಞೆ. ಮೌನೇಶಪ್ಪನ ಬಾಯಿಯ ನಂತರ ನನಗೆ ಸಿಕ್ಕ ಮೊದಲ ಸರಿಯಾದ ಬಾಯಿ ಆ ದಾರಿಯಿಂದ ಬಂತು.

ಯಮನೂರಪ್ಪ ಊದಿದ. ಒಂದು ಹನಿ ಗಾಳಿಯೂ ಹೊರಗೆ ಹೋಗಲಿಲ್ಲ. ಎದೆಯ ಮೂಲೆಮೂಲೆ ಗುಡಿಸಿ ತಂದು ಕೊಟ್ಟ, ಕೊನೆಗೆ ಕೊರಳಿನ ನರ ನಡುಗುವ ತನಕ. ಅಷ್ಟಾದರೂ ನನ್ನ ಮುಳ್ಳು ಅರ್ಧ ಏರಿ ನಿಂತಿತು. ಅವನ ಎತ್ತರದವನು, ಅವನ ವಯಸ್ಸಿನವನು, ಮುಚ್ಚಿದ ತುಟಿಯಿಂದ ಊದಿದರೆ ಮುಳ್ಳು ಎಲ್ಲಿಗೋ ಹೋಗಬೇಕು. ನನಗೆ ಆಗಲೇ ತಿಳಿಯಿತು, ಈ ಎದೆಯಲ್ಲಿ ಅರ್ಧ ಜಾಗ ಹತ್ತಿ ತುಂಬಿದೆ ಎಂದು.

ಹೊಸೂರಕರ ಮುಳ್ಳು ನೋಡಿದ, ತಲೆ ಎತ್ತಿ ಪಟ ನೋಡಿದ. ಸೋರುವ ಬಾಯಿಗಳ ಗಟ್ಟಿ ಎದೆಯೂ, ಬಿಗಿದ ಬಾಯಿಯ ಕೆಟ್ಟ ಎದೆಯೂ ಹೆಚ್ಚುಕಡಿಮೆ ಒಂದೇ ಗೆರೆಗೆ ಬಂದಿದ್ದವು, ಇವನದು ಒಂದು ಬೆರಳು ಮೇಲೇ. ಸಾಮಾನ್ಯ, ಏನೂ ಆಗಿಲ್ಲ ಎಂದು ಹೇಳಿ ಕಳಿಸಿದ. ಯಮನೂರಪ್ಪ ಖೋಲಿಗೆ ವಾಪಸು ಹೋದ.

ಇಲ್ಲಿಯ ತನಕ ನಡೆದದ್ದನ್ನು ದಡ್ಡತನ ಎಂದು ಬಿಟ್ಟುಬಿಡಬಹುದು. ಲೋಕದಲ್ಲಿ ದಡ್ಡರಿಗೆ ಶಾಲು ಹೊದಿಸುವುದು ಹೊಸದಲ್ಲ. ಮುಂದಿನದು ದಡ್ಡತನವಲ್ಲ.

ವಿಭಾಗಕ್ಕೆ ಸುನಂದಾ ಎಂಬ ಹುಡುಗಿ ಹೆಚ್ಚಿನ ಓದಿಗೆ ಬಂದಳು. ಒಂದು ಸಂಜೆ ಕೋಣೆ ಖಾಲಿಯಾದ ಮೇಲೆ ಗಾಜಿನ ಮೂತಿಯನ್ನು ಕುದಿಸಿ, ಆರಿಸಿ, ಬಾಯಲ್ಲಿಟ್ಟುಕೊಂಡು ಊದಿದಳು. ಯಾರೂ ನೋಡುವವರಿಲ್ಲದಾಗ ಎಂಜಲಿನ ಭಯ ಅರ್ಧ ಹೋಗಿಬಿಡುತ್ತದೆ. ಮುಳ್ಳು ಪಟದ ಗೆರೆ ದಾಟಿ ಓಡಿತು. ಅವಳು ಬೆಚ್ಚಿ ಇನ್ನೊಮ್ಮೆ ಊದಿದಳು, ಆಮೇಲೆ ಬೇಕೆಂದೇ ತುಟಿ ಸಡಿಲಿಸಿ ಊದಿದಳು. ಮುಳ್ಳು ಪಟದ ಗೆರೆಗೆ ಬಂದು ಕೂತಿತು. ಅವಳು ನನ್ನ ಮುಂದೆ ಸ್ಟೂಲು ಎಳೆದುಕೊಂಡು ಬಹಳ ಹೊತ್ತು ಕೂತಳು. ಆ ಹೊತ್ತು ನನಗೆ ಮನುಷ್ಯರ ಮೇಲೆ ಸ್ವಲ್ಪ ಭರವಸೆ ಹುಟ್ಟಿತ್ತು.

ಅವಳು ಅದನ್ನು ಹೊಸೂರಕರನಿಗೆ ಹೇಳಿದ್ದು ಯಮನೂರಪ್ಪ ಎರಡನೆಯ ಸಲ ಬಂದ ದಿನ. ಅವನು ಆ ವೇಳೆಗೆ ಇನ್ನೂ ಇಳಿದಿದ್ದ. ಈರಪ್ಪ ಮತ್ತು ಗೆಳೆಯರು ಗಿರಣಿಯಲ್ಲಿ ಗಲಾಟೆ ಎಬ್ಬಿಸಿ, ಲೇಬರ್ ಆಫೀಸರನ ಎದುರಿನಲ್ಲೇ ಇನ್ನೊಮ್ಮೆ ಅಳೆಯಲಿ ಎಂದು ಒಪ್ಪಿಸಿದ್ದರು. ಅವರೆಲ್ಲ ಹೊರಗಿನ ಬೆಂಚಿನ ಮೇಲೆ ಕಾಯುತ್ತಿದ್ದರು. ಕೆಮ್ಮು ಕೋಣೆಯೊಳಗೂ ಕೇಳುತ್ತಿತ್ತು. ಸುನಂದಾ ಬಾಗಿಲು ಮುಂದೆ ಮಾಡಿ ಅಂದಳು, "ಸರ್, ಒಂದ ಸಲ ನೀವು ಕರವಸ್ತ್ರ ಇಲ್ಲದ ಊದಿ ನೋಡ್ರಿ. ತುಟಿ ಮುಚ್ಚಿ."

ಹೊಸೂರಕರ ಸಿಟ್ಟಾದ. ಆಮೇಲೆ ಇವಳ ಬಾಯಿ ಮುಚ್ಚಿಸಲೆಂದೇ ಊದಿದ. ಪಟದ ಪ್ರಕಾರ ಅವನ ಎದೆಗೆ ಬರೆದಿದ್ದು ಎರಡು ಲೀಟರ್. ನನ್ನ ಮುಳ್ಳು ಮೂರೂವರೆ ದಾಟಿ ನಿಂತಿತು. ಮೌಲಾಸಾಬ ಗೋಡೆ ಕಡೆ ತಿರುಗಿದ, ಈ ಸಲ ನಗು ತಡೆಯಲು ಅಲ್ಲ. ಹೊಸೂರಕರ ಇನ್ನೊಮ್ಮೆ ಊದಿದ. ಅಲ್ಲೇ ನಿಂತಿತು.

"ಮುಳ್ಳು ಕೆಟ್ಟಿರಬೇಕು" ಅಂದ.

"ಮುಳ್ಳು ಕೆಟ್ಟಿಲ್ಲ ಸರ್. ಪಟ ಕೆಟ್ಟದ." ಅವಳ ದನಿ ಸಣ್ಣಗಿತ್ತು. "ಹಂಗಾದ್ರ ಹೊರಗ ಕೂತವನ ಎದಿ ಅರ್ಧ ಹೋಗ್ಯದ ಸರ್."

ಹೊಸೂರಕರ ಕರವಸ್ತ್ರ ತೆಗೆದು ತುಟಿ ಒರೆಸಿಕೊಂಡ, ನಿಧಾನವಾಗಿ ನಾಲ್ಕು ಮಡಿಕೆ ಮಾಡಿದ, ಜೇಬಿನಲ್ಲಿಟ್ಟ. ಕೆಳಗಿನಿಂದ ನೋಡುತ್ತಿದ್ದ ನನಗೆ ಅವನ ಹೊಳ್ಳೆಗಳು ನಡುಗುವುದು ಕಂಡಿತು. ಅವನಿಗೆ ಅರ್ಥವಾಗಿತ್ತು. ಇದನ್ನು ಚೆನ್ನಾಗಿ ಕೇಳಿಸಿಕೊಳ್ಳಿ, ಅವನಿಗೆ ಅರ್ಥವಾಗಿತ್ತು. ಪಟ ಇಳಿಸಿದರೆ ಶಾಲೂ ಇಳಿಯುತ್ತದೆ. ಶಾಲು ಹೊದಿಸಿದವರು ನಗುತ್ತಾರೆ. ತಕ್ಕಡಿಯ ಒಂದು ತಟ್ಟೆಯಲ್ಲಿ ಅದು, ಇನ್ನೊಂದರಲ್ಲಿ ಬೆಂಚಿನ ಮೇಲೆ ಕೆಮ್ಮುವವನ ಎದೆ. ಅವನು ತೂಗಲು ಬಹಳ ಹೊತ್ತು ತೆಗೆದುಕೊಳ್ಳಲಿಲ್ಲ.

"ನಿಮ್ಮ ಪರೀಕ್ಷೆ ಯಾವಾಗ ಅದ, ಸುನಂದಾ?" ಅಂದ. ಮೆತ್ತಗೆ, ಮನೆಮಂದಿಯನ್ನು ವಿಚಾರಿಸುವ ಹಾಗೆ.

ಅವಳು ತಲೆ ತಗ್ಗಿಸಿದಳು. ಬರುವ ತಿಂಗಳು ಅಂದಳು. ಪರೀಕ್ಷೆ ಮಾಡಿ ಪಾಸು ನಪಾಸು ಹೇಳುವವನು ಅವನೇ. ಆಮೇಲೆ ಅವಳೇ ಹೋಗಿ ಬಾಗಿಲು ತೆರೆದಳು. ಅವಳಿಂದ ಹುಟ್ಟಿದ್ದ ಭರವಸೆಯನ್ನು ನಾನು ಅಲ್ಲೇ ನೀರಿನಲ್ಲಿ ಮುಳುಗಿಸಿದೆ.

ಎಲ್ಲರೂ ಒಳಗೆ ಬಂದರು. ಪಾಠಕ್ಕೆ ಒಳ್ಳೆಯದು ಎಂದು ವಿದ್ಯಾರ್ಥಿಗಳನ್ನೂ ಕರೆಸಿದ. ಊದುವ ಮೊದಲು ಯಮನೂರಪ್ಪ ಕೈ ಮುಗಿದು ಒಂದು ಮಾತು ಹೇಳಿದ, "ಸಾಹೇಬ್ರ, ನನಗ ರೊಕ್ಕ ಬ್ಯಾಡ, ರಜಾ ಬ್ಯಾಡ. ಆ ಖೋಲಿ ಒಂದು ಬಿಡಸ್ರಿ. ಹೊರಗ ಅಂಗಳಾ ಗುಡಿಸ್ಕೊಂಡು ಇರ್ತೀನಿ. ಬಿಸಲಾಗಾದ್ರೂ ಇರ್ತೀನಿ." ಹೊಸೂರಕರ ಕರಿ ಮೂತಿಯತ್ತ ಕೈ ಮಾಡಿದ. ಯಮನೂರಪ್ಪ ಊದಿದ. ಮುಳ್ಳು ಹೋದ ಸಲಕ್ಕಿಂತ ಕೆಳಗೆ, ಆದರೂ ಆ ಸುಳ್ಳು ಪಟದ ಗೆರೆಗೆ ಒಂದು ಕೂದಲು ಮೇಲೆ ನಿಂತಿತು. ಆಗ ಹೊಸೂರಕರ ಆಡಿದ ಮಾತನ್ನು ಮೊದಲೇ ಹೇಳಿದ್ದೇನೆ. ನನ್ನ ಎದಿಗಿಂತ ಗಟ್ಟಿ ಅದ, ಅಂದ. ತನ್ನ ಎದೆಯ ಅಳತೆಯನ್ನು ಅರ್ಧ ತಾಸಿನ ಹಿಂದೆ ನನ್ನಲ್ಲೇ ನೋಡಿಕೊಂಡು ಬಂದವನು ಅಂದ ಮಾತು ಅದು.

ಕೆಮ್ಮು ನಿಂತ ಮೇಲೆ ಯಮನೂರಪ್ಪ ಮಾತಾಡಲು ಮತ್ತೆ ಪ್ರಯತ್ನಪಟ್ಟ. ಉಸಿರು ಸಾಲಲಿಲ್ಲ. ಈರಪ್ಪ ಅವನ ರಟ್ಟೆ ಹಿಡಿದು ಹೊರಗೆ ಕರೆದುಕೊಂಡು ಹೋದ. ಲೇಬರ್ ಆಫೀಸರ್ ಹೊಸೂರಕರನ ಕೈ ಕುಲುಕಿದ. ಮೂಗಿನ ಚಿಮಟ ಯಮನೂರಪ್ಪನ ಜೊತೆಗೇ ಹೋಗಿತ್ತು. ಮೌಲಾಸಾಬ ಓಡಿಹೋಗಿ ಇಸಿದುಕೊಂಡು ಬಂದ.

ಆ ಪಟ ಬಹಳ ವರ್ಷ ನನ್ನ ತಲೆಯ ಮೇಲೆ ಇತ್ತು. ಗಿರಣಿಯಲ್ಲಿ ಯಾರು ಕೆಮ್ಮಿದರೂ ಕರೆತಂದು ಊದಿಸುತ್ತಿದ್ದರು, ಸಾಮಾನ್ಯ ಎಂದು ಬರೆಸಿಕೊಂಡು ಅದೇ ಖೋಲಿಗೆ ತಳ್ಳುತ್ತಿದ್ದರು. ಈರಪ್ಪನೂ ಬಂದ. ಮ್ಯಾನೇಜರನ ಮುಖ ನೆನೆಸಿಕೊಂಡೇ ಊದಿದನೋ ಏನೋ. ಅವನದೂ ಸಾಮಾನ್ಯ. ಮುಂದಿನ ವರ್ಷ ಅವನ ಹೆಣದ ಹಿಂದೆ ಗಿರಣಿಯವರು ಹೂವಿನ ಹಾರ ಕಳಿಸಿದರಂತೆ. ಸುನಂದಾ ಪಾಸಾಗಿ ಹೋದಳು. ಹೊಸೂರಕರನಿಗೆ ನಿವೃತ್ತಿಯಾಯಿತು, ಇನ್ನೊಂದು ಶಾಲು ಬಂತು. ಅವನ ಬೆನ್ನಿಗೆ ಕರೆಂಟಿನ ಶ್ವಾಸಮಾಪಕ ಬಂತು, ಅಂಗೈಯಷ್ಟು. ಅದಕ್ಕೆ ರಟ್ಟಿನ ಮೂತಿ, ಒಬ್ಬರಿಗೆ ಒಂದು, ಊದಿ ಬಿಸಾಡುವುದು. ಎಂಜಲಿನ ಭಯ ಹೋದದ್ದೇ ತಡ, ಅದೇ ಗುಮಾಸ್ತರು, ಅದೇ ಮಾಸ್ತರರ ಮಕ್ಕಳು ಬಾಯಿ ತುಂಬ ಇಟ್ಟುಕೊಂಡು ಊದಿದರು.

ನಮ್ಮ ಜನರ ಎದೆ ಒಮ್ಮೆಗೇ ದೊಡ್ಡದಾಯಿತು.

ಯಾರೋ ಒಂದು ಶನಿವಾರ ಪಟ ಇಳಿಸಿದರು. ಹೇಳದೆ ಕೇಳದೆ. ಚೌಕಟ್ಟು ಚೆನ್ನಾಗಿದೆ ಎಂದು ಅದರಲ್ಲಿ ಸಿಬ್ಬಂದಿಯ ಪ್ರವಾಸದ ಫೋಟೋ ಹಾಕಿಸಿದರು. ಹಳೇ ಲೆಕ್ಕ ಸುಳ್ಳು ಎಂದು ಗಿರಣಿಯವರಿಗೆ ಹೇಳಲು ಯಾರೂ ಹೋಗಲಿಲ್ಲ. ಹೋಗಿದ್ದರೂ ಗಿರಣಿ ಮುಚ್ಚಿತ್ತು.

ನನ್ನನ್ನು ಮುರಿದ ಕುರ್ಚಿಗಳ ಜೊತೆ ಗುಜರಿಗೆ ಹಾಕಿದರು. ಗುಜರಿ ಅಂಗಡಿ ಶೇಖಪ್ಪನದು. ಅವನ ಮಾವ, ಹೆಂಡತಿಯ ಅಪ್ಪ, ಗೇಟಿನ ಪಕ್ಕ ಗೋಣಿಯ ಮೇಲೆ ಕೂತು, ಹಳೇ ವೈರು ಸುಲಿದು ತಾಮ್ರ ಬೇರೆ ಮಾಡುತ್ತಿದ್ದ. ಸುಲಿಯುವುದು, ನಿಲ್ಲಿಸುವುದು, ಉಸಿರು ತೆಗೆದುಕೊಳ್ಳುವುದು, ಸುಲಿಯುವುದು. ಗಾಡಿಯಿಂದ ನನ್ನನ್ನು ಎಸೆದಾಗ, ನನ್ನ ಸರಪಳಿಗೆ ಯಾರೋ ಕಟ್ಟಿಬಿಟ್ಟಿದ್ದ ಕರಿ ಮೂತಿ ಅವನ ಕಾಲ ಬಳಿ ಬಿತ್ತು. ಅವನು ಅದನ್ನು ಎತ್ತಿಕೊಂಡು ನೋಡಿದ. ಆ ಕೈಯನ್ನು ನಾನು ಗುರುತು ಹಿಡಿದೆ. ಆ ಖೋಲಿಯಿಂದ ಅವನನ್ನು ಕೊನೆಗೆ ಬಿಡಿಸಿದ್ದು ಗಿರಣಿಯ ಬಾಗಿಲಿಗೆ ಬಿದ್ದ ಬೀಗ.

ಶೇಖಪ್ಪ ನನ್ನನ್ನು ಜಜ್ಜಿ ಹಿತ್ತಾಳೆ ತೂಕಕ್ಕೆ ಹಾಕಲು ಸುತ್ತಿಗೆ ತಂದಿದ್ದ. ಯಮನೂರಪ್ಪ ಹೊರಡಬ್ಬಿಗೆ ನೀರು ಸುರಿದು, ತಳ ಸವರಿ ನೋಡಿ, "ಇದನ್ನ ಜಜ್ಜಬ್ಯಾಡ" ಅಂದ. "ಕೈ ತೊಳಿಯಾಕ ಇರಲಿ. ಸೋರೂದಿಲ್ಲ."

ಮೌನೇಶಪ್ಪ ಪತ್ತಾರನ ನಂತರ ಆ ಮಾತನ್ನು ನನಗೆ ಹೇಳಿದವನು ಅವನೊಬ್ಬನೇ. ಅಂದಿನಿಂದ ಗೇಟಿನ ಬಳಿ ನಿಂತಿದ್ದೇನೆ. ಗುಜರಿಯ ಜನ ನನ್ನ ನೀರಿನಲ್ಲಿ ಕೈ ಅದ್ದಿ, ತುಕ್ಕು ತೊಳೆದು, ಊಟಕ್ಕೆ ಕೂರುತ್ತಾರೆ. ಇದು ಒಳ್ಳೆಯ ಕೆಲಸ. ಇಲ್ಲಿ ನನ್ನನ್ನು ತೋರಿಸಿ ಯಾರೂ ಯಾರಿಗೂ ಏನೂ ಹೇಳುವುದಿಲ್ಲ. ಸಾಮಾನ್ಯ ಎಂಬ ಮಾತು ಕೇಳಿದರೆ ಈಗಲೂ ನನ್ನ ನೀರು ಕದಡುತ್ತದೆ. ಸಾಮಾನ್ಯ ಎಂದರೆ ಯಾರ ಬಾಯಿ? ಯಾರು ಊದಿದ್ದು, ಹ್ಯಾಗೆ ಊದಿದ್ದು, ಎಷ್ಟು ಸೋರಿದ್ದು? ಅದನ್ನು ಕೇಳದೆ ಗೋಡೆಗೆ ಮೊಳೆ ಹೊಡೆಯುವವರೇ ಈ ಊರಿನಲ್ಲಿ ಜಾಸ್ತಿ.

ಮೊನ್ನೆ ಒಂದು ಕಾರು ಬಂದು ನಿಂತಿತು. ಡ್ರೈವರ್ ಕೈ ಹಿಡಿದು ಇಳಿಸಿದ ಮುದುಕನನ್ನು ನಾನು ಕೆಳಗಿನಿಂದಲೇ ಗುರುತಿಸಿದೆ. ಹೊಳ್ಳೆಗಳು ಮುದಿಯಾಗುವುದಿಲ್ಲ. ಕಾಲೇಜಿಗೆ ಐವತ್ತು ತುಂಬುತ್ತದಂತೆ, ಪ್ರದರ್ಶನ ಇಡುತ್ತಾರಂತೆ, ತನಗೆ ಹೆಸರು ತಂದ ಯಂತ್ರವನ್ನು ಗಾಜಿನ ಪೆಟ್ಟಿಗೆಯಲ್ಲಿ ಇಡಬೇಕಂತೆ. ಹುಡುಕಿಕೊಂಡು ಬಂದಿದ್ದ.

"ಅದು ಕೈ ತೊಳಿಯೂ ಡಬ್ಬಿ ಐತ್ರಿ" ಅಂದ ಶೇಖಪ್ಪ. ಕೆಲಸದವರು ನಕ್ಕರು. ನಮ್ಮ ಮಾವನಿಗೆ ಅದರ ಮೇಲೆ ಜೀವ, ಅವನನ್ನೇ ಕೇಳಿ, ಎಂದು ಗೇಟಿನತ್ತ ತೋರಿಸಿ ಹೆಸರು ಹೇಳಿದ.

ಹೊಸೂರಕರ ತಿರುಗಿದ. ಊಟದ ಹೊತ್ತು. ಯಮನೂರಪ್ಪ ನನ್ನ ನೀರಿನಲ್ಲಿ ಎರಡೂ ಕೈ ಅದ್ದಿಕೊಂಡು ನಿಂತಿದ್ದ.

"ನೀನು ಆ ಕಾರ್ಡಿಂಗದ ಯಮನೂರಪ್ಪ ಅಲ್ಲೇನು?" ಹೊಸೂರಕರನ ದನಿಯಲ್ಲಿ ಏನೋ ಆಸೆ ಎದ್ದಿತು. ಅದು ಕ್ಷಮೆ ಕೇಳುವವನ ಆಸೆ ಎಂದು ನೀವು ತಿಳಿದರೆ ನಿಮಗೆ ಈ ಜನ ಗೊತ್ತಿಲ್ಲ. "ಇಷ್ಟು ವರ್ಷ ಉಳದಿ ನೋಡು. ಅಂದಮ್ಯಾಲೆ ನಿನ್ನ ಎದಿ ಅವತ್ತು ಚಲೋನ ಇತ್ತು. ನಾ ಹೇಳಿದ್ದು ಖರೆ ಇತ್ತು. ಹೌದಿಲ್ಲೋ? ಇವರ ಮುಂದ ಒಂದ ಮಾತು ಹೇಳು."

ಎಲ್ಲರೂ ಯಮನೂರಪ್ಪನನ್ನು ನೋಡಿದರು. ಅವನ ಎದೆ ನಿಧಾನವಾಗಿ ಏರಿತು. ಅದು ಮಾತಿಗೆ ತೆಗೆದುಕೊಂಡ ಉಸಿರು, ನನಗೆ ಗೊತ್ತಾಗುತ್ತದೆ. ಅವತ್ತಿನ ಹಾಗೆ ಕೆಮ್ಮು ಬರಲಿಲ್ಲ. ಮಾತು ಬಾಯಿಯ ತನಕ ಬಂದಿತ್ತು. ಅವನು ಆ ಉಸಿರನ್ನು ಹಾಗೆಯೇ, ಮಾತಿಲ್ಲದೆ, ನನ್ನ ನೀರಿನ ಮೇಲೆ ಬಿಟ್ಟ. ನೀರು ಸ್ವಲ್ಪ ನಡುಗಿತು.

ಕೈ ಎತ್ತಿಕೊಂಡ. ಹೆಗಲ ವಸ್ತ್ರದಿಂದ ಒಂದೊಂದೇ ಬೆರಳು ಒರೆಸಿಕೊಂಡ. ಹೊಸೂರಕರನ ಪಕ್ಕದಿಂದಲೇ ಗೇಟಿನ ಹೊರಗೆ ಹೊರಟ. ಗೇಟಿನ ಕಂಬ ಹಿಡಿದು ಒಮ್ಮೆ ನಿಂತ. ಉತ್ತರ ಬಂತೆಂದು ಹೊಸೂರಕರ ಕುತ್ತಿಗೆ ಚಾಚಿದ.

ಯಮನೂರಪ್ಪ ನಿಂತಿದ್ದು ಉಸಿರಿಗೆ. ಉಸಿರು ಸಿಕ್ಕಿತು. ಮತ್ತೆ ನಡೆದ.